ಮೌನದ ಗಂಟೆ

ಸೂರತ್ ರಸ್ತೆಯಲ್ಲಿರುವ ಆ ಮಾನಸಿಕ ಆಸ್ಪತ್ರೆಗೆ ನೂರು ವರ್ಷ ತುಂಬಿತ್ತು. ಸಮಾರಂಭದಲ್ಲಿ ಪ್ರಾರ್ಥನೆ ಹೇಳಲು ವಡೋದರಾದಿಂದ ನನ್ನನ್ನು ಕರೆಸಿದ್ದರು. ಕರೆಸಿದವರು ಅಲ್ಲಿನ ಆಡಳಿತಾಧಿಕಾರಿ ಹರಿಪ್ರಸಾದ, ಮೈಸೂರಿನವರು, ನಮ್ಮ ಕನ್ನಡ ಸಂಘದವರೇ.

“ಮೊದಲು ಗಂಟೆ ಹೊಡೀತೀವಿ ಕಾಮಾಕ್ಷಿಯವರೇ. ಎಲ್ಲರೂ ಎರಡು ನಿಮಿಷ ಮೌನ. ನಮ್ಮ ಮೊದಲ ಸೂಪರಿಂಟೆಂಡೆಂಟ್, ಇಂಗ್ಲಿಷ್ ದೊರೆ, ತಂದ ಶಿಸ್ತು ಅದು. ಗಂಟೆ ಹೊಡೆದು ಅವರು ವಾರ್ಡಿಗೆ ಬಂದ್ರೆ ಒಬ್ಬ ರೋಗೀನೂ ತುಟಿ ಬಿಚ್ಚೋ ಹಾಗಿರಲಿಲ್ಲವಂತೆ.”

“ಬಿಚ್ಚಿದವರ್ನ ಏನ್ ಮಾಡ್ತಿದ್ರು?”

“ಅದೆಲ್ಲ ಈಗ ಯಾಕೆ ಬಿಡಿ, ಹಬ್ಬದ ದಿನ.”

“ನಾ ಹೇಳ್ತೀನಿ ಕೇಳ್ರಿ. ಒಂಟಿ ಕೋಣ್ಯಾಗ ಹಾಕ್ತಿದ್ರು. ನಮ್ಮ ಮುತ್ತಜ್ಜೀನ್ನ ಹಾಕಿದ್ರು. ಪದ್ಯ ಹೇಳದೇ ತುತ್ತು ಎತ್ತಾಕಿ ಅಲ್ಲ ಆಕಿ. ನಿಮ್ಮ ದೊರಿ ಬರ್ತಿದ್ದದ್ದೂ ಊಟದ ಹೊತ್ತಿಗೇ.”

ಮುತ್ತಜ್ಜ ಇಲ್ಲಿ ರೈಲ್ವೆಯಲ್ಲಿದ್ದರು. ಕೈಗೂಸು ಸತ್ತ ಮೇಲೆ ಮಾತು ಬಿಟ್ಟು ಈ ಆಸ್ಪತ್ರೆ ಸೇರಿದ ಮುತ್ತಜ್ಜಿಗೆ ಉಳಿದದ್ದು ಪದ್ಯಗಳು ಮಾತ್ರ. ಕನ್ನಡ ತಿಳಿಯದ ಆಡಳಿತಕ್ಕೆ ಅದು ಹುಚ್ಚಿನ ಬಡಬಡಿಕೆಯಾಗಿ ಕೇಳಿಸಿತು. ಅವಳು ಮನೆಗೆ ಮರಳಲೇ ಇಲ್ಲ.

ಹರಿಪ್ರಸಾದ ಕೈ ಮುಗಿದರು. “ಎಡವಟ್ಟು ಮಾಡ್ಬೇಡಿ ತಾಯಿ. ಮಂತ್ರಿಗಳು ಬಂದು ಕೂತಿದ್ದಾರೆ. ಎರಡೇ ನಿಮಿಷ ಸುಮ್ಮನಿರಿ.”

“ಆಕಿ ಇರ್ಲಿಲ್ಲ. ನಾನೂ ಇರಂಗಿಲ್ಲ. ಬ್ಯಾಡಾದ್ರ ಈಗೇ ಕಳಸ್ರಿ.”

ಕಳಿಸಲು ಹೊತ್ತಿರಲಿಲ್ಲ. ಗಂಟೆ ಹೊಡೆಯಿತು, ಸಭೆ ಎದ್ದು ತಲೆತಗ್ಗಿಸಿ ನಿಂತಿತು. ನಾನು ಮೈಕಿನ ಮುಂದೆ ನಿಂತು, ಮುತ್ತಜ್ಜಿಯ ಊಟದ ಹೊತ್ತಿನ ಪದ್ಯವನ್ನು ನಾಟಿ ರಾಗದಲ್ಲಿ ಎತ್ತಿಕೊಂಡೆ. ತಲೆಗಳೆಲ್ಲ ಮೇಲೆದ್ದವು. ಪದ್ಯದ ನಡುವೆ ಯಾರೋ ಮೈಕು ಆರಿಸಿದರು.

ನಾನು ದನಿ ಏರಿಸಿದೆ.