ಸಡಿಲಿಸಿದ ತೋಳು

"ತೋಳು ಏರವಲ್ಲದು ನೋಡವ್ವಾ," ಎಂದು ತಂಗೆವ್ವ ಜಂಪರನ್ನು ಇನ್ನೊಮ್ಮೆ ಜಗ್ಗಿದಳು. ಮೀಯಿಸಿ ಗೋಡೆಗೆ ಆನಿಸಿ ಕೂರಿಸಿದ್ದ ಗುರವ್ವನ ಎಡಗೈ ಅರ್ಧ ತೋಳಿನಲ್ಲೇ ಸಿಕ್ಕಿಕೊಂಡಿತ್ತು. "ಹಿಂದ ಕತ್ತರಿ ಹಾಕಿಬಿಡ್ರಿ. ಇನ್ನ ಯಾರು ನೋಡಾವ್ರು? ಮಣ್ಣಿಗೆ ಹೊತ್ತಾತು."

"ಕತ್ತರಿ ಬ್ಯಾಡ್ರಿ," ಎಂದಳು ರಾಜೇಶ್ವರಿ. ಆಗಷ್ಟೇ ಬೈಲಹೊಂಗಲದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದಳು. ಸತ್ತವಳ ನಾದಿನಿ ತಂಗೆವ್ವ ಹುಬ್ಬು ಗಂಟಿಕ್ಕಿ ನೋಡಿದಳು. ಈ ಹೊರಗಿನವಳಿಗೇನು ಅಧಿಕಾರ ಎಂಬಂತಿತ್ತು ಆ ನೋಟ.

ಅಧಿಕಾರ ಇತ್ತು. ಆ ಹಸಿರು ಜಂಪರು ಹೊಲಿದವಳೇ ಅವಳು. ಎಡಗಡೆ ಒಳಗೊಂದು ಜೇಬು ಇಟ್ಟು, ಸಾಸಿವೆ ತುಂಬಿದ ಬಟ್ಟೆಯ ಗುಂಡು ಅದರಲ್ಲಿ ಕೂರುವಂತೆ ಮಾಡಿದ್ದಳು. ಗುರವ್ವನಿಗೆ ಎಡ ಮೊಲೆ ಇರಲಿಲ್ಲ. ರಾಜೇಶ್ವರಿಗೂ ಇರಲಿಲ್ಲ. ಒಂದೇ ಕಾಯಿಲೆ, ಒಂದೇ ಆಸ್ಪತ್ರೆ. ಉಗರಗೋಳದಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರಿಗೆ ಬಳೆ, ಕುಂಕುಮ ಮಾರುವ ಈ ಹೆಂಗಸು ಹಾಗೆ ಅವಳಿಗೆ ಅಕ್ಕನಾಗಿದ್ದಳು.

"ಅವ್ವ ಹೋದಳ್ರಿ" ಎಂದಷ್ಟೇ ಹೇಳಿ ಗುರವ್ವನ ಮಗ ಫೋನು ಇಟ್ಟುಬಿಟ್ಟಿದ್ದ. ಯಾತರಿಂದ ಎಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ರಾಜೇಶ್ವರಿಯ ತಲೆಯಲ್ಲಿ ಅದೊಂದೇ. ಅದು ತಿರುಗಿ ಬಂದಿತ್ತೇ? ಸೆರಗಿನ ಮರೆಯಲ್ಲಿ ಕೈ ತಾನೇ ತಾನಾಗಿ ಕಂಕುಳಿಗೆ ಹೋಗುತ್ತಿತ್ತು. ಮರುದಿನ ಅವಳದೇ ತಪಾಸಣೆ ಇತ್ತು. "ನಾಳಿ ಆಸ್ಪತ್ರಿಗೆ ನಾ ಬರೂದಿಲ್ಲ," ಎಂದು ಬೆಳಿಗ್ಗೆಯೇ ಗಂಡ ನಿಂಗರಾಜನಿಗೆ ಹೇಳಿ ಮನೆ ಬಿಟ್ಟಿದ್ದಳು. ಇಲ್ಲಿ ಅಂಗಳದಲ್ಲಿ ಯಾರೋ ಎದೆಬಡಿತ ನಿಂತಿತಂತೆ ಎಂದರು, ಇನ್ಯಾರೋ ಸಕ್ಕರೆ ರೋಗ ಎಂದರು. ಎದೆಬಡಿತ ನಿಂತದ್ದೇ ಆಗಿರಲಪ್ಪಾ ಎಂದು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು.

ಈಗ ಮುಂದೆ ಬಂದು ಸಿಕ್ಕಿಬಿದ್ದ ಕೈಯನ್ನು ಹಿಡಿದಳು. ಭುಜದಿಂದ ಬೆರಳ ತುದಿಯವರೆಗೂ ಬಾತುಕೊಂಡಿತ್ತು. ಜಂಪರಿನ ಈ ತೋಳನ್ನು ತಾನೇ ಎರಡು ಸಲ ಬಿಚ್ಚಿ ಸಡಿಲಿಸಿದ್ದಳು.

*

ಚಿಕಿತ್ಸೆ ಮುಗಿದರೂ ಹೆದರಿಕೆ ಮುಗಿಯದ ಹೆಂಗಸರನ್ನು ಆಪ್ತ ಸಲಹೆಗಾರ್ತಿ ಫರೀನ್ ಮೇಡಮ್ ತಿಂಗಳಿಗೊಮ್ಮೆ ಬೆಳಗಾವಿಯ ಆಸ್ಪತ್ರೆಯ ಕೋಣೆಯೊಂದರಲ್ಲಿ ಕೂರಿಸಿ ಮಾತಾಡಿಸುತ್ತಿದ್ದರು. ರಾಜೇಶ್ವರಿಗೆ ಆಗ ಹೊಲಿಗೆಯೂ ಸಾಗುತ್ತಿರಲಿಲ್ಲ. ಮಷೀನು ನಿಲ್ಲಿಸಿ ನಿಲ್ಲಿಸಿ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬೆನ್ನು ಹಿಡಿದರೂ ಅದೇ ಬಂತು, ಕೆಮ್ಮಿದರೂ ಅದೇ ಬಂತು ಎನಿಸುತ್ತಿತ್ತು.

"ಬರಬ್ಯಾಡ ಅಂದ್ರ ಹೆದರಿಕಿ ಕೇಳೂದಿಲ್ಲ," ಎಂದಿದ್ದರು ಫರೀನ್ ಮೇಡಮ್. "ದಿನಾ ಅದಕ್ಕೊಂದು ಹೊತ್ತು ಗೊತ್ತು ಮಾಡ್ರಿ. ಬ್ಯಾರೆ ಹೊತ್ತಿನ್ಯಾಗ ಬಂದ್ರ, ನಿನ್ನ ಹೊತ್ತಿಗೆ ಬಾ ಅನ್ರಿ, ಕೈಗೆ ಏನರ ಕೆಲಸಾ ಕೊಡ್ರಿ. ಮೈ ನೋಡಕೊಳ್ಳೂದು ತಿಂಗಳಿಗೊಮ್ಮೆ ಸಾಕು. ತಪಾಸಣಿ ಮಾತ್ರ ತಪ್ಪಸಬ್ಯಾಡ್ರಿ."

ನಕ್ಕವಳು ಗುರವ್ವ ಒಬ್ಬಳೇ. "ಹಂಗಾದ್ರ ದಿನಾ ಸಂಜಿಕೆ ನಮ್ಮ ಕಟ್ಟಿ ಮ್ಯಾಲ ಕುಂಡರಸ್ತೇನ್ರಿ ಅದನ್ನ. ಗುಡ್ಡಕ್ಕ ಬರೂ ಮಂದಿಗೆಲ್ಲಾ ಜಾಗಾ ಕೊಟ್ಟೇನಿ, ಇದೊಂದು ಹೆಚ್ಚಾತೇನು? ದೀಪಾ ಹಚ್ಚೂತನಾ ಕುಂಡರಲಿ. ಆಮ್ಯಾಲ ಏಳು ಅಂತೇನಿ."

ಮಾತಿಗೆ ಹೇಳಿದ್ದಲ್ಲ, ಹಾಗೇ ಮಾಡಿದಳು. ಸಂಜೆ ಕಟ್ಟೆಗೆ ಬಂದು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ ಕೂರುತ್ತಿದ್ದಳು. ಅಳು ಬಂದರೆ ಅಳುತ್ತಿದ್ದಳು. ದೀಪ ಹಚ್ಚಿದೊಡನೆ ಎದ್ದು ಒಳಗೆ ಹೋಗಿ ಸೊಸೆಯೊಡನೆ ಜಗಳ ತೆಗೆಯುತ್ತಿದ್ದಳು. ರಾಜೇಶ್ವರಿಯೂ ತನ್ನ ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಕೂತು ನೋಡಿದಳು. ಕೆಲವು ದಿನ ನಡೆಯಿತು, ಕೆಲವು ದಿನ ಇಲ್ಲ. ಆದರೂ ಮಷೀನು ಮತ್ತೆ ಓಡತೊಡಗಿತು.

ಹೋದ ಶ್ರಾವಣದಲ್ಲಿ ಗುರವ್ವ ಜಂಪರು ಹಿಡಿದು ಬಂದಳು. "ಎಡತೋಳು ಬಿಗಿ ಆಗೈತಿ, ಸಡ್ಲ ಮಾಡ ರಾಜವ್ವ."

"ಹೋಳಿಗಿ ತಿಂದು ದಪ್ಪಾಗೀದಿ ಅಕ್ಕಾ!"

"ಹೂಂ ಮತ್ತ. ಸೊಸಿ ಕೈ ಅಡಗಿ ಹಂಗೈತಿ."

ಇಬ್ಬರೂ ನಕ್ಕರು. ದಸರೆಯ ಮೇಲೆ ಮತ್ತೆ ಬಂದಳು. ರಾಜೇಶ್ವರಿ ಹೊಲಿಗೆಯ ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಟ್ಟುಕೊಟ್ಟು, "ಇನ್ನ ಬಾಯಿ ಕಟ್ಟು ಅಕ್ಕಾ, ಬಟ್ಟಿ ಉಳದಿಲ್ಲ," ಎಂದು ಹಂಗಿಸಿದ್ದಳು. ಒಂದೇ ತೋಳು ದಪ್ಪವಾಗುವುದು ಹೇಗೆ ಎಂದು ಹೊಲಿಯುವವಳಿಗೇ ಹೊಳೆದಿರಲಿಲ್ಲ.

*

"ಶೀತಲ, ಖರೇ ಹೇಳು. ತಿರುಗಿ ಬಂದಿತ್ತಲ್ಲ?" ಊದಿದ ಕೈಯನ್ನು ಇನ್ನೂ ಹಿಡಿದೇ ಕೇಳಿದಳು ರಾಜೇಶ್ವರಿ.

ಸೊಸೆ ಶೀತಲ ತಲೆ ತಗ್ಗಿಸಿದಳು. "ಹೌದ್ರಿ ಅಕ್ಕಾರ. ಶ್ರಾವಣದಾಗ ಗೊತ್ತಾತು. ಔಷಧ ನಡದಿತ್ತು. ನಿಮಗ ಹೇಳಬಾರದಂತ ಆಣಿ ಹಾಕಿದ್ರು. ಹೇಳಿದ್ರ ರಾಜವ್ವ ಹೆದರಿ ತಪಾಸಣಿಗೆ ಹೋಗೂದ ಬಿಡತಾಳ ಅಂದ್ರು."

ರಾಜೇಶ್ವರಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಹಂಗಾದ್ರ ಎಲ್ಲಾ ಸುಳ್ಳಾತಲ್ಲ! ಹೆದರಿಕಿಗೆ ಹೊತ್ತು ಕೊಟ್ಳು, ಕಟ್ಟಿ ಮ್ಯಾಲ ಕುಂಡರಿಸಿದ್ಳು. ಆದ್ರೂ ರೋಗ ಬಂತಲ್ಲ!"

"ಬರಬಾರದಂತ ಕುಂಡರತಿದ್ದಿಲ್ರಿ ಅವರು," ಎಂದಳು ಶೀತಲ. "ನಿನ್ನೆ ಸಂಜಿಕೂ ಹೊರಗ ಕರಕೊಂಡು ಹೋಗಂದ್ರು. ಕುಂತ್ರು. ದೀಪಾ ಹಚ್ಚಿದ ಮ್ಯಾಲ ಚಾ ಬೇಡಿದ್ರು. ಒಂದು ಗುಟುಕು ಕುಡದು, ಇಷ್ಟ ವರ್ಷಾತು, ಸೋಸಾಕ ಬರೂದಿಲ್ಲಲ್ಲ ನಿನಗ ಅಂತ ಬೈದ್ರು." ಹೇಳುತ್ತಲೇ ನಕ್ಕಳು, ನಗುತ್ತಲೇ ಬಿಕ್ಕಿದಳು.

ರಾಜೇಶ್ವರಿ ಸೂಜಿದಾರ ಕೇಳಿದಳು. ತೋಳಿನ ಹೊಲಿಗೆ ಬಿಚ್ಚಿದಳು, ಬಟ್ಟೆ ಸಾಲದು. ತನ್ನ ಸೆರಗಿನಿಂದ ಪಟ್ಟಿ ಹರಿದು ಕಂಕುಳ ಕೆಳಗೆ ಕೂಡಿಸಿದಳು. ತನ್ನ ಮೈಯಲ್ಲಿ ಆ ಜಾಗ ಹೇಗಿದೆಯೆಂದು ಒಮ್ಮೆ ಒತ್ತಿ ನೋಡಲು ಬೆರಳು ತವಕಿಸಿದವು. ಅವುಗಳಿಗೆ ಸೂಜಿ ಕೊಟ್ಟಳು.

"ಮಣ್ಣಾಗ ಹೋಗೂದಕ್ಕ ಇಷ್ಟ್ಯಾಕವ್ವಾ?" ಎಂದಳು ತಂಗೆವ್ವ, ಈಗ ಮೆಲ್ಲಗೆ.

"ಅಳತಿ ತಪ್ಪಿದ್ದು ನಂದ್ರಿ."

ಸಾಸಿವೆಯ ಗುಂಡನ್ನೂ ಅದರ ಜಾಗದಲ್ಲಿ ಕೂರಿಸಿದಳು. ಹೊರಗೆ ತಂದಾಗ ಹೆಂಡತಿಯನ್ನು ಕಂಡ ಗುರವ್ವನ ಗಂಡ ಮಡಿವಾಳೆಪ್ಪ, "ಮದಿವಿಗೆ ಹೊಂಟಂಗ ಕಾಣತಾಳಲ್ಲೋ," ಎಂದು ಹಣೆ ಚಚ್ಚಿಕೊಂಡ. ಭಜನೆಯವರು ತಾಳ ಎತ್ತಿಕೊಂಡರು. ಹೊಲದಲ್ಲಿ ಗುರವ್ವನನ್ನು ಕೂರಿಸಿ ಮಣ್ಣು ಕೊಟ್ಟು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು.

ನಿಂಗರಾಜನ ಫೋನು ಬಂತು. "ನಾಳಿನ ತಪಾಸಣಿ ಮುಂದ ಹಾಕಿಸಿಬಿಡ್ಲೇನು? ಆಸ್ಪತ್ರಿಗೆ ಹೇಳಬೇಕಾಗತೈತಿ."

"ದೀಪಾ ಹಚ್ಚಲಿ ತಡೀರಿ. ಆಮ್ಯಾಲ ಹೇಳತೇನಿ."

ಗುರವ್ವ ಕೂರುತ್ತಿದ್ದ ಕಟ್ಟೆಯ ಮೇಲೆ ಪಕ್ಕದ ಜಾಗವನ್ನು ಹರಿದ ಸೆರಗಿನಿಂದ ಒರೆಸಿ ಕೂತಳು. ಬಂತು, ಎಲ್ಲ ಬಂತು. ಗುರವ್ವನ ಕೈ, ತನ್ನ ಕಂಕುಳು, ನಾಳೆ ಡಾಕ್ಟರು ಮುಖ ತಿರುಗಿಸಿ ಹೇಳಬಹುದಾದ ಮಾತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಎದ್ದು ಓಡಬೇಕೆನಿಸಿತು. ಓಡಲಿಲ್ಲ.

ಒಳಗೆ, ಗುರವ್ವನನ್ನು ಕೂರಿಸಿದ್ದ ಜಾಗದಲ್ಲಿ ಶೀತಲ ದೀಪ ಹಚ್ಚಿದಳು.

ರಾಜೇಶ್ವರಿ ಎದ್ದು ಫೋನು ಹಚ್ಚಿದಳು. "ಮುಂದ ಹಾಕಬ್ಯಾಡ್ರಿ. ಮುಂಜಾನಿ ಬಸ್ಸಿಗೆ ಹೋಗೂಣು."

ಪಕ್ಕದ ಮನೆಯ ಒಲೆಯಲ್ಲಿ ಕಾಸಿದ ಚಹಾವನ್ನು ಶೀತಲ ತಂದುಕೊಟ್ಟು ಎದುರಿಗೇ ನಿಂತಳು. ಒಂದು ಗುಟುಕು ಕುಡಿದ ರಾಜೇಶ್ವರಿ, ತುಟಿಗೆ ಹತ್ತಿದ ಚಹಾಪುಡಿಯನ್ನು ಬೆರಳಿನಿಂದ ತೆಗೆದು ಅವಳಿಗೆ ತೋರಿಸಿದಳು.