ತುದಿಗಾಲಿನ ಆನೆ

ಹೆಂಡತಿಯ ಶವಪೆಟ್ಟಿಗೆಯೊಳಗೆ ಪುಸ್ತಕ ಇಡಲು ಬಾಗಿದ ಜುವಾಕಿಂ ಪಾಯ್ಸರ ಕೈಯನ್ನು ಹುಮೈರ ಹಿಡಿದುಕೊಂಡಳು.

"ಅಂಕಲ್, ಇದು ಬೇಡ. ಪ್ಲೀಸ್."

"ಅವಳೇ ಬರೆದದ್ದು ಮಗಾ. ಜಪಾನಿನಲ್ಲಿ ಇಷ್ಟದ ವಸ್ತು ಜೊತೆಗೇ ಕಳಿಸ್ತಾರಂತೆ. ನನಗಂತೂ ಜಪಾನಿ ಓದಲಿಕ್ಕೆ ಬರುವುದಿಲ್ಲ. ಮನೆಯಲ್ಲಿಟ್ಟು ಏನು ಮಾಡಲಿ?"

ದುಬೈನ ಜೆಬೆಲ್ ಅಲಿಯ ಚಿತಾಗಾರದಲ್ಲಿ ಅವರ ಸರದಿಗೆ ಇನ್ನೂ ಅರ್ಧ ಗಂಟೆಯಿತ್ತು. ಬಂದವರು ಎಂಟೇ ಜನ. ಅಲ್ ಕುಸೈಸಿನಲ್ಲಿ ಪಾಯ್ಸರ ಎದುರು ಫ್ಲಾಟಿನಲ್ಲಿರುವ ಭಟ್ಕಳದ ನಫೀಸ ಮಗಳನ್ನು ಗದರಿದರು: "ಸುಮ್ಮನಿರು ಹುಮೈರ. ಅವರ ಹೆಂಡತಿ, ಅವರಿಷ್ಟ."

"ಮಾ, ಅಂಕಲ್ ಡಸಂಟ್ ನೋ! ಆ ಆನೆ ಅಂಕಲ್ಲೇ."

ಪಾಯ್ಸರು ಮುಖಪುಟ ನೋಡಿದರು. ತುದಿಗಾಲಲ್ಲಿ ನಡೆಯುವ ಬೂದು ಬಣ್ಣದ ಆನೆ.

\*

ತೊಂಬತ್ತಮೂರರಲ್ಲಿ ಜಪಾನಿ ಕಂಪನಿಯೊಂದರ ಟೈಪಿಸ್ಟ್ ಆಗಿ ದುಬೈಗೆ ಬಂದ ಸುಮಿಯೆ, ಅದೇ ಕಂಪನಿಯ ಸ್ಟೋರ್‌ಕೀಪರ್ ಪಾಯ್ಸರನ್ನು ಮದುವೆಯಾಗಿ ಇಲ್ಲೇ ಉಳಿದಳು. ಮಕ್ಕಳಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮಕ್ಕಳಿಗಾಗಿ ಹದಿನಾಲ್ಕು ಚಿತ್ರಪುಸ್ತಕ ಬರೆದಳು. ಟೋಕಿಯೊದಲ್ಲಿ ಅಚ್ಚಾಗಿ ಪಾರ್ಸೆಲಿನಲ್ಲಿ ಬರುತ್ತಿದ್ದವು. ಮೊನ್ನೆ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ.

ಕೆಲಸ ಮುಗಿಸಿ ಬಂದ ಪಾಯ್ಸರು ಬೂಟು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಅವಳ ಕೋಣೆ ದಾಟುತ್ತಿದ್ದರು. ಬರೆಯುವವರಿಗೆ ತೊಂದರೆ ಕೊಡಬಾರದು. ತಾವೇ ಬಡಿಸಿಕೊಂಡು ಉಂಡು, ನಲ್ಲಿಯನ್ನೂ ಸಣ್ಣಗೆ ಬಿಟ್ಟು ತಟ್ಟೆ ತೊಳೆಯುತ್ತಿದ್ದರು.

ಆನೆಯ ಪುಸ್ತಕ ಬಂದ ದಿನ ಅವಳು ಕೇಳಿದ್ದಳು: "ಓದಿ ಹೇಳಲಾ?"

"ದಣಿದಿದ್ದೀಯ. ಶುಕ್ರವಾರ ರಜೆ, ಆಗ ಓದು."

ಶುಕ್ರವಾರ ಕಟ್ಟಡದ ಮಕ್ಕಳೆಲ್ಲ ಅವಳ ಸುತ್ತ ಕೂತಿದ್ದರು. ಪಾಯ್ಸರು ಸದ್ದಿಲ್ಲದೆ ಬಾಗಿಲೆಳೆದುಕೊಂಡು ಚರ್ಚಿಗೆ ಹೋದರು.

\*

"ನಮಗೆಲ್ಲ ಇಂಗ್ಲಿಷಿನಲ್ಲಿ ಹೇಳ್ತಿದ್ರು. ನನಗೆ ಬಾಯಿಪಾಠ," ಎಂದಳು ಹುಮೈರ.

"ಹೇಳು."

ಬೆಂಚಿನ ಮೇಲೆ ಕೂತು ಅವಳು ಪುಸ್ತಕ ಬಿಡಿಸಿದಳು. "ಆನೆಯ ಹೆಂಡತಿ ಒಂದು ಇಲಿ. ದಿನವಿಡೀ ಚಿತ್ರ ಬರೀತದೆ. ಆನೆ ತುಂಬಾ ಒಳ್ಳೇದು, ಸದ್ದೇ ಮಾಡುವುದಿಲ್ಲ. ಇಲಿ ಬಾಗಿಲು ತೆರೆದಿಡ್ತದೆ. ಆನೆ ಒಳಗೆ ಬರುವುದಿಲ್ಲ. ಇಲಿ ಬೇಕಂತಲೇ ಬ್ರಶ್ ಬೀಳಿಸ್ತದೆ. ಆನೆ ಇನ್ನೂ ಮೆಲ್ಲಗೆ ನಡೀತದೆ."

ನಫೀಸ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡರು.

"ನಾನು... ಅವಳಿಗೆ ತೊಂದರೆ ಆಗ್ತದೆ ಅಂತ," ಎಂದರು ಪಾಯ್ಸರು.

ಒಳಗಿನಿಂದ ಸುಮಿಯೆಯ ಹೆಸರು ಕರೆದರು. ಪೆಟ್ಟಿಗೆ ಹೊರಲು ನಾಲ್ವರು ಎದ್ದು ನಿಂತರು.

"ನಿಲ್ಲಿ!" ಪಾಯ್ಸರ ಕೂಗಿಗೆ ಎಲ್ಲರೂ ತಿರುಗಿ ನೋಡಿದರು. "ಮುಂದೆ ಏನು, ಮಗಾ?"

ಹುಮೈರ ಪುಟ ಮಗುಚಿದಳು. ಇಲಿಯ ಮೇಜಿನ ಮೇಲೆ ಎರಡು ಕಪ್ ಚಹಾ ಇತ್ತು. ಎರಡರಿಂದಲೂ ಹಬೆ ಏಳುತ್ತಿರಲಿಲ್ಲ.