ನೂರಿಪ್ಪತ್ತು ಎಂದು ಹೇಳಿದ್ದು ನಾನೇ

ನಾನು ರಕ್ತದೊತ್ತಡ ಅಳೆಯುವ ಪಾದರಸದ ಪೆಟ್ಟಿಗೆ. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಗಾಜಿನ ಬೆನ್ನುಮೂಳೆ, ಅದರೊಳಗೆ ಪಾದರಸ, ಒತ್ತಲು ಒಂದು ರಬ್ಬರಿನ ಬುಂಡೆ, ತೋಳಿಗೆ ಸುತ್ತಲು ಬಟ್ಟೆಯ ಪಟ್ಟಿ, ಇಷ್ಟೇ ನನ್ನ ಮೈ. ಓದಿದ್ದು ಕಡಿಮೆ. ಮುನ್ನೂರರವರೆಗೆ ಎಣಿಸಲು ಬರುತ್ತದೆ, ಅದರಾಚೆ ಲೋಕವೇ ಇಲ್ಲ. ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬಂದ ಮೇಲೆ ಲಕ್ಷ ತೋಳುಗಳನ್ನಾದರೂ ಅಪ್ಪಿದ್ದೇನೆ. ಆ ಊರಿನ ಯಾವ ಹೆಂಗಸೂ ಗಂಡನನ್ನು ಅಷ್ಟು ಸಲ ಅಪ್ಪಿರಲಿಕ್ಕಿಲ್ಲ.

ನನ್ನನ್ನು ಹೊತ್ತು ತಿರುಗುತ್ತಿದ್ದವರು ಏಸಮ್ಮ ಸಿಸ್ಟರ್. ಅವರ ನಡಿಗೆಗೆ ದಾರಿಯ ಕಲ್ಲುಗಳೇ ಸರಿದು ನಿಲ್ಲುತ್ತಿದ್ದವು.

ಒಂದು ದಿನ ಮಾದೇವಿ ಬಂದಳು. ಎರಡು ತಿಂಗಳ ಬಸುರಿ, ತವರಿನಲ್ಲೇ ಇದ್ದಳು. ಅವಳ ತೋಳಿಗೆ ಸುತ್ತಿದರೆ ನನ್ನ ಪಾದರಸ ತೆಂಗಿನಮರ ಹತ್ತುವವನಂತೆ ಹತ್ತಿ ನೂರೆಪ್ಪತ್ತರಲ್ಲಿ ಕೂತಿತು. ಬಿಂದಿಗೆ ಎತ್ತಲೂ ಕೈಯಲ್ಲಿ ಶಕ್ತಿಯಿಲ್ಲ ಎಂದಳು. ಸಿಸ್ಟರ್ ಅವಳನ್ನು ಮೈಸೂರಿಗೆ ಕರೆದೊಯ್ದರು. ಮೂತ್ರಪಿಂಡದ ತಲೆಯ ಮೇಲೊಂದು ಪುಟ್ಟ ಗ್ರಂಥಿಯಿದೆ, ಅದು ಅಲ್ಡೋಸ್ಟೆರೋನ್ ಎಂಬ ಹಾರ್ಮೋನನ್ನು ಮಿತಿಮೀರಿ ಸುರಿಯುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ಅದು ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತದೆ, ಒತ್ತಡ ಏರಿಸುತ್ತದೆ. ಪೊಟ್ಯಾಸಿಯಂ ಅನ್ನು ಹೊರಗೆ ತಳ್ಳುತ್ತದೆ, ಕೈಕಾಲು ಸೋಲುತ್ತವೆ. ಹೆರಿಗೆಯಾದ ಮೇಲೆ ಆಪರೇಷನ್, ಅಲ್ಲಿಯವರೆಗೆ ಮಾತ್ರೆ.

ಐದನೆಯ ತಿಂಗಳಿಗೆ ನಾನು ನೂರಿಪ್ಪತ್ತು ತೋರಿಸಿದೆ. ಮಾದೇವಿಯ ತಾಯಿ ಪುಟ್ಟಸಿದ್ದಮ್ಮ ನನಗೆ ಕೈಮುಗಿದಳು. ಆ ದಿನ ನಾನು ಉಬ್ಬಿದ್ದನ್ನು ನೋಡಿದ್ದರೆ ಪಟ್ಟಿಯ ಹೊಲಿಗೆ ಬಿಡುತ್ತದೆ ಅನ್ನುತ್ತಿದ್ದಿರಿ. ಸಿಸ್ಟರ್ ಮಾತ್ರ ನಗಲಿಲ್ಲ. ಬಸುರಿನ ಹಾರ್ಮೋನು ಆ ಕೆಟ್ಟ ಹಾರ್ಮೋನಿಗೆ ಅಡ್ಡ ನಿಂತಿದೆ ಅಷ್ಟೆ, ಮಗು ಹುಟ್ಟಿದ ಮೇಲೆ ಆ ಅಡ್ಡ ತೆಗೆದಂತಾಗುತ್ತದೆ, ಒತ್ತಡ ಮತ್ತೆ ಏರುತ್ತದೆ, ಆಗಲೇ ದಿನಾ ಅಳೆದು ನೋಡಬೇಕು ಎಂದು ಡಾಕ್ಟರ ಮಾತನ್ನು ಮೂರು ಸಲ ತಿಳಿಸಿ ಹೇಳಿದರು. ಪುಟ್ಟಸಿದ್ದಮ್ಮ ಮೂರು ಸಲವೂ ತಲೆ ಆಡಿಸಿದಳು. ಅವಳ ತಲೆಯೊಳಗೆ ನಿಂತದ್ದು ನನ್ನ ನೂರಿಪ್ಪತ್ತು ಒಂದೇ.

ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ಮಾದೇವಿಯನ್ನು ಬಾಣಂತಿ ಕೋಣೆಗೆ ಸೇರಿಸಿದರು. ಸಿಸ್ಟರ್ ಹೋದಾಗ ಪುಟ್ಟಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ಪಟ್ಟೀಯ ಊರೋರ ತೋಳ್ಗೆಲ್ಲಾ ಸುತ್ತಿದ್ದೀ ಕಣಕ್ಕಾ. ಹಸಿ ಬಾಣಂತಿಗೆ ಮುಟ್ಟಿಸ್ಬ್ಯಾಡ. ಬಿಪಿ ಆಗ್ಲೇ ಇಳ್ದೋಯ್ತಲ್ಲ, ನಿನ್ ಪೆಟ್ಗೇನೇ ಯೋಳ್ತಲ್ಲ."

"ಮಾತ್ರೆನಾದ್ರೂ ಕೊಡ್ತಿದ್ದೀಯಾ, ಅವ್ವಾ?"

"ಹಾಲು ಬತ್ತೋಯ್ತದೆ ಅಂತ ಎತ್ತಿಟ್ಟಿವ್ನಿ."

ಸಿಸ್ಟರ್ ಬೇಡಿದರು, ಬೈದರು, ಜಗಲಿಯ ಮೇಲೆ ಕೂತೇಬಿಟ್ಟರು. ಒಳಗಿನಿಂದ ಮಾದೇವಿಯ ದನಿ ಬಂತು: "ತಲೆ ಸಿಡೀತದೆ ಕಣವ್ವಾ." ತಲೆಗೆ ಗಾಳಿ ಹೊಕ್ಕಿದೆ ಎಂದು ತಾಯಿ ಕಿವಿಗೆ ಇನ್ನಷ್ಟು ಹತ್ತಿ ತುರುಕಿ, ಬಟ್ಟೆ ಬಿಗಿದಳಂತೆ. ನಾನು ಗೋಡೆಯ ಈಚೆ ಇದ್ದೆ. ಮೂರು ದಿನ ಹೋದೆವು, ಮೂರು ದಿನವೂ ಗೋಡೆಯ ಈಚೆಯೇ.

ನಾಲ್ಕನೆಯ ದಿನ ಪುಟ್ಟಸಿದ್ದಮ್ಮ ತಾನೇ ಓಡಿಬಂದು ಕರೆದಳು. ಮಾದೇವಿಯ ತೋಳಿನಲ್ಲಿ ನಾನು ಇನ್ನೂರಮೂವತ್ತಕ್ಕೆ ಏರಿದೆ. ತಲೆಯೊಳಗೆ ರಕ್ತ ಸೋರಿ ಅವಳ ಬಲಮೈ ಆಗಲೇ ಸತ್ತಿತ್ತು. ಮಾತೂ ಹೋಗಿತ್ತು.

ಆಮೇಲೆ ಆಪರೇಷನ್ ಆಯಿತು. ಗ್ರಂಥಿ ತೆಗೆದರು. ಸಿಸ್ಟರ್ ವಾರಕ್ಕೊಮ್ಮೆ ನನ್ನನ್ನು ಒಯ್ಯುತ್ತಿದ್ದರು. ಈಗ ಪುಟ್ಟಸಿದ್ದಮ್ಮ ಬಾಗಿಲು ತೆರೆದೇ ಇಡುತ್ತಿದ್ದಳು. ಮಗಳ ತೋಳನ್ನು ತಾನೇ ಎತ್ತಿ, ಪಟ್ಟಿ ಸುತ್ತುವಷ್ಟು ಹೊತ್ತು ಹಿಡಿದುಕೊಳ್ಳುತ್ತಿದ್ದಳು.

"ಎಷ್ಟಕ್ಕಾ?"

"ನೂರಿಪ್ಪತ್ತು."

ಯಾರೂ ಕೈಮುಗಿಯಲಿಲ್ಲ.

ಪಾದರಸ ವಿಷವೆಂದು ಈಗ ನನ್ನನ್ನು ಬೀರುವಿನ ತಳಕ್ಕೆ ತಳ್ಳಿದ್ದಾರೆ. ಬ್ಯಾಟರಿಯ ಹೊಸ ಯಂತ್ರವೊಂದು ಬಂದಿದೆ. ಅಳತೆ ಮುಗಿದರೆ ಕೀಂ ಎಂದು ಕೂಗುತ್ತದೆ, ಊರಿಗೆಲ್ಲ ತಾನೇ ಡಾಕ್ಟರು ಎಂಬಂತೆ. ಅದಕ್ಕೆ ಹೊಟ್ಟೆಕಿಚ್ಚು ಪಡುವಷ್ಟೂ ಉಸಿರು ನನ್ನಲ್ಲಿಲ್ಲ. ನನ್ನ ಪಟ್ಟಿಯೊಳಗೆ ಜಿರಲೆ ಮೊಟ್ಟೆಯಿಟ್ಟಿದೆ. ನಾನು ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಐದನೆಯ ತಿಂಗಳಲ್ಲಿ ಹೇಳಿದ್ದೂ ನಿಜವೇ. ಮಾದೇವಿಯನ್ನು ನೆಲಕ್ಕೆ ಕೆಡವಿದ್ದು ಆ ನಿಜವೇ.